ಏದುಸಿರು ಬಿಡುವ ಮಣ್ಣಿಗೆ ‘ತೃಪ್ತಿಕರ’ ಎಂದವರಿಗೆ

ಬೇಗೂರು, 6 ನವೆಂಬರ್ 1997

ಕಾರ್ಖಾನೆಯ ನೀರನ್ನು ಹೊಲಕ್ಕೆ ಬಿಡಲು ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ಇದೇ ತಿಂಗಳ ಇಪ್ಪತ್ತೈದರಂದು, ಬೊಮ್ಮಸಂದ್ರದ ಆಚೆ ಕೆರೆಯ ಕೆಳಗಿನ ಮೂವತ್ತು ಎಕರೆಗೆ ಔಷಧ ಕಾರ್ಖಾನೆಯ ನೀರು ಹರಿಸಬೇಕೆಂದು ನೀವು ಆದೇಶ ಹೊರಡಿಸಿದ್ದೀರಿ. ದಯವಿಟ್ಟು ನಿಲ್ಲಿಸಿ. ಆದೇಶದ ಎರಡನೇ ಪುಟದಲ್ಲಿ ಆಧಾರವೆಂದು ಲಗತ್ತಿಸಿರುವ ಮಣ್ಣು ಪರೀಕ್ಷೆಯ ವರದಿ ನನ್ನದು. ಕೆಳಗಿನ ಸಹಿ ನನ್ನದು. ಆ ವರದಿಯಲ್ಲಿರುವುದು ಅರ್ಧ ಸತ್ಯ. ಅರ್ಧಕ್ಕೆ ನಿಲ್ಲಿಸಿದವನೂ ನಾನೇ.

ಇಪ್ಪತ್ತೊಂಬತ್ತು ವರ್ಷಗಳಿಂದ ನಾನು ಸರ್ಕಾರಿ ಮಣ್ಣು ಪರೀಕ್ಷೆಯ ಪ್ರಯೋಗಾಲಯದ ಸಹಾಯಕ. ಪ್ರಯೋಗಕ್ಕೆಂದು ಎರಡು ವರ್ಷ ಆ ನೀರನ್ನು ಪಿಳ್ಳಮ್ಮ ಎಂಬ ರೈತ ಹೆಂಗಸಿನ ಒಂದೂವರೆ ಎಕರೆಗೆ ಹಾಯಿಸಿದರು. ಬದುವಿನಾಚೆಯ ಆಂಜಿನಪ್ಪನ ಹೊಲಕ್ಕೆ ಹಾಯಿಸಲಿಲ್ಲ. ಎರಡೂ ಹೊಲದ ಮಣ್ಣನ್ನು ಜಾಡಿಗಳಲ್ಲಿ ಮುಚ್ಚಿಟ್ಟು, ಅದರಲ್ಲಿರುವ ಸೂಕ್ಷ್ಮಜೀವಿಗಳು ಎಷ್ಟು ಇಂಗಾಲವನ್ನು ಉಸಿರಾಗಿ ಹೊರಗೆ ಬಿಡುತ್ತವೆ ಎಂದು ಅಳೆದೆ. ಪಿಳ್ಳಮ್ಮನ ಮಣ್ಣಿನ ಉಸಿರಾಟ ಒಂದೂವರೆ ಪಟ್ಟು ಹೆಚ್ಚಿತ್ತು. ‘ತೃಪ್ತಿಕರ’ ಎಂದು ಬರೆದೆ. ನೀವು ಅದನ್ನು ‘ಸದರಿ ನೀರಿನಿಂದ ಮಣ್ಣಿನ ಜೀವಶಕ್ತಿ ವೃದ್ಧಿಸಿರುವುದು ಸಾಬೀತಾಗಿದೆ’ ಎಂದು ಬೆಳೆಸಿದಿರಿ. ನನ್ನ ಒಂದೇ ಪದದಿಂದ ಇಷ್ಟು ಫಸಲು ತೆಗೆದ ನಿಮ್ಮನ್ನು ಸರ್ಕಾರ ಕೃಷಿ ಇಲಾಖೆಗೆ ವರ್ಗ ಮಾಡದೆ ಯಾಕೆ ಬಿಟ್ಟಿತೋ ತಿಳಿಯದು.

ಮೂರು ವರ್ಷದ ಹಿಂದೆ ನನ್ನ ಮೊಮ್ಮಗಳು ಸ್ಫೂರ್ತಿಗೆ ನ್ಯುಮೋನಿಯಾ ಆಗಿತ್ತು. ಪಕ್ಕೆಲುಬು ಎದ್ದು ಕಾಣುವಂತೆ ಏದುಸಿರು ಬಿಡುತ್ತಿತ್ತು ಆ ಮಗು. ‘ಎಷ್ಟು ಚೆನ್ನಾಗಿ ಉಸಿರಾಡುತ್ತಿದೆ, ಹೋಗಿ ಪೇಡೆ ಹಂಚಿ’ ಎಂದು ಡಾಕ್ಟರು ಹೇಳಿದ್ದರೆ ಅವರನ್ನು ಏನೆಂದು ಕರೆಯಬೇಕಿತ್ತು? ಪಿಳ್ಳಮ್ಮನ ಹೊಲದ ವಿಷಯದಲ್ಲಿ ನಾನು ಮಾಡಿದ್ದು ಅದನ್ನೇ.

ಆಗಸ್ಟ್‌ನಲ್ಲಿ ಆಕೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, “ನನ್ ಮಣ್ಣು ಎಂಗೈತೆ ಸಾರ್?” ಎಂದು ಕೇಳಿದ್ದಳು. “ಚೆನ್ನಾಗಿದೆ ಕಣಮ್ಮ, ಪಕ್ಕದ ಹೊಲಕ್ಕಿಂತ ಚೆನ್ನಾಗಿದೆ” ಎಂದೆ. ಆ ಮಾತು ನಂಬಿ, ಮುಂದೆಯೂ ಆ ನೀರು ಹಾಯಿಸಬಹುದೆಂಬ ನಿಮ್ಮ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಳು. ಅವಳನ್ನು ನೋಡಿ ಇಪ್ಪತ್ತೆರಡು ಮನೆಯವರು ಒಪ್ಪಿದರು. ಅಕ್ಟೋಬರ್‌ನಲ್ಲಿ ಅದೇ ಪಿಳ್ಳಮ್ಮ ಸೆರಗಿನಲ್ಲಿ ಮಣ್ಣು ಕಟ್ಟಿಕೊಂಡು ಮತ್ತೆ ಬಂದಳು. “ಎಂಟು ಗಾಡಿ ಗೊಬ್ಬರ ಒಡ್ಸಿವ್ನಿ ಸಾರ್, ಎಲ್ಲೋಯ್ತದೋ ಕಾಣೆ. ಆಂಜಿನಪ್ಪ ಆಕಿರೋದು ಮೂರೇ ಗಾಡಿ, ಅವನ್ ಮಣ್ಣು ಮುದ್ದೆ ಕಟ್ತದೆ. ನಂದು ಬೂದಿ ಉದುರ್ದಂಗೆ ಉದುರ್ತದೆ.” ಆಕೆ ಸೆರಗು ಬಿಚ್ಚಿ ತೋರಿಸಿದಾಗ ಒಂದು ಹಿಡಿ ಹಿಚುಕಿ ನೋಡಿದೆ, ಬೆರಳ ಸಂದಿಯಲ್ಲೇ ಉದುರಿಹೋಯಿತು.

ಆಗ ಮಾಡಿದೆ, ಮೊದಲೇ ಮಾಡಬೇಕಿದ್ದ ಎರಡನೇ ಪರೀಕ್ಷೆಯನ್ನು. ಮಣ್ಣಿನ ಜೀವಿಗಳನ್ನು ಕೊಂದು ಅವುಗಳ ಮೈಯಲ್ಲಿರುವ ಇಂಗಾಲವನ್ನು ಅಳೆಯಲು ಬೇಕಾದ ಕ್ಲೋರೋಫಾರ್ಮ್‌ಗೆ ಅರ್ಜಿ ಕೊಟ್ಟರೆ ‘ಉಸಿರಾಟ ತೃಪ್ತಿಕರವಾಗಿರುವುದರಿಂದ ಅಗತ್ಯವಿಲ್ಲ’ ಎಂದು ವಾಪಸಾಯಿತು. ನನ್ನ ಪದವೇ ನನ್ನ ಮುಖಕ್ಕೆ ಬಿತ್ತು. ಪರಿಚಯದ ಕಾಲೇಜಿನಿಂದ ಒಂದು ಸೀಸೆ ಬೇಡಿ ತಂದೆ. ಎರಡೂ ಮಣ್ಣಿಗೆ ಒಂದೇ ಅಳತೆಯ ಸಕ್ಕರೆ ಉಣಿಸಿ, ಎಷ್ಟು ಉಸಿರಾಗಿ ಹೋಯಿತು, ಎಷ್ಟು ಆ ಜೀವಿಗಳ ಮೈಯಲ್ಲಿ ಉಳಿಯಿತು ಎಂದು ಲೆಕ್ಕ ಹಾಕಿದೆ. ಆಂಜಿನಪ್ಪನ ಮಣ್ಣಿನಲ್ಲಿ ಹತ್ತು ಪಾಲಿಗೆ ನಾಲ್ಕು ಪಾಲು ಮೈಯಾಗಿ ಉಳಿದಿತ್ತು. ಪಿಳ್ಳಮ್ಮನ ಮಣ್ಣಿನಲ್ಲಿ ಉಳಿದದ್ದು ಒಂದೂವರೆ ಪಾಲು. ನೀರಿನಲ್ಲಿ ಬರುತ್ತಿರುವ ಔಷಧದ ಶೇಷವನ್ನು ತಡೆದುಕೊಳ್ಳುವುದರಲ್ಲೇ ಅವುಗಳ ಶಕ್ತಿಯೆಲ್ಲ ಹೋಗುತ್ತಿದೆ ಎಂದೇ ನನಗೆ ಕಾಣುತ್ತದೆ. ತಿಂದದ್ದು ಮೈಗೆ ಹತ್ತುತ್ತಿಲ್ಲ. ಆ ಮೈಯೇ ಸತ್ತ ಮೇಲೆ ಮಣ್ಣಿನ ಕಸುವಾಗಿ ನಿಲ್ಲಬೇಕಾದದ್ದು. ಎಂಟು ಗಾಡಿ ಗೊಬ್ಬರ ಎಲ್ಲಿಗೆ ಹೋಯಿತು ಎಂದು ಕೇಳಿದಳಲ್ಲ, ಗಾಳಿಗೆ ಹೋಯಿತು ಸ್ವಾಮಿ.

ಫಲಿತಾಂಶ ಹಿಡಿದು ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಮೂರನೇ ಸಲ ನೀವೇ ಸಿಕ್ಕಿರಿ. “ರೀ, ಚೆನ್ನಾಗಿದೆ ಅಂತ ಬರ್ದಿರೋರು ನೀವೇ ಅಲ್ವೇನ್ರೀ? ಫೈಲ್ ಕ್ಲೋಸ್ ಆಯ್ತು. ಈಗ ಇದೇನ್ರೀ ಹೊಸ ತಕರಾರು?” ಎಂದಿರಿ. ಖಾಸಗಿ ಸೀಸೆಯಿಂದ ಮಾಡಿದ ಪರೀಕ್ಷೆ ಪರಿಗಣನೆಗೆ ಅರ್ಹವಲ್ಲ ಎಂದೂ ಹೇಳಿದಿರಿ. ಸರಿ, ನನ್ನ ಸೀಸೆ ಬೇಡ. ಸರ್ಕಾರದ ಸೀಸೆಯಿಂದಲೇ ಮಾಡಿಸಿ. ಮಣ್ಣಿನಲ್ಲಿರುವ ಜೀವಿಗಳಿಗೆ ಯಾರ ಸೀಸೆ ಎಂಬುದು ಗೊತ್ತಾಗುವುದಿಲ್ಲವಲ್ಲ?

“ರಿಟೈರ್ ಆಗಾಕ ಇನ್ನ ಎಂಟ ತಿಂಗಳ ಐತ್ರಿ. ಸುಮ್ನಿರಬಾರದ?” ಎಂದಳು ನನ್ನ ಹೆಂಡತಿ ಗೌರಮ್ಮ. ನಾನು ಕಾಗದ, ಪೆನ್ನು ತೆಗೆದುಕೊಂಡು ಕೂತೆ. ಅದನ್ನು ನೋಡಿ ಅವಳೇ, “ಬರದ್ರ ಹೆಸರ ಹಾಕೇ ಬರೀರಿ ಮತ್ತ” ಎಂದಳು. ನನಗೆ ಭಯವಾಗುತ್ತಿದೆ, ಸುಳ್ಳು ಹೇಳುವುದಿಲ್ಲ. ಆದರೆ ಇಪ್ಪತ್ತೈದನೇ ತಾರೀಕಿನ ಭಯ ಅದಕ್ಕಿಂತ ದೊಡ್ಡದು.

ಕಳೆದ ಭಾನುವಾರ ಪಿಳ್ಳಮ್ಮನ ಹೊಲಕ್ಕೆ ಹೋಗಿ, ತಪ್ಪು ಹೇಳಿಬಿಟ್ಟೆ ಕಣಮ್ಮ ಎಂದೆ. ಬೈಯುತ್ತಾಳೆಂದುಕೊಂಡಿದ್ದೆ. ಕಳೆ ಕೀಳುತ್ತಿದ್ದವಳು ಎದ್ದು ನಿಂತು, ಕೈಯ ಮಣ್ಣು ಒರೆಸಿಕೊಂಡಳು. “ಅಂಗಾರೆ ನನ್ನೆಬ್ಬೆಟ್ಟು ವಾಪಸ್ ಇಸ್ಕೊಡಿ ಸಾರ್” ಎಂದಳು. ನಾಳೆ ಹೋಗಿ ತಂದುಕೊಡುತ್ತೇನೆ ಎಂದು ನಂಬಿರುವವಳಂತೆ ನನ್ನನ್ನೇ ನೋಡುತ್ತಿದ್ದಳು.

ಮಾನ್ಯರೇ, ಆ ಪರೀಕ್ಷೆಗೆ ಹತ್ತು ದಿನ ಸಾಕು. ಇಪ್ಪತ್ತೈದಕ್ಕೆ ಇನ್ನೂ ಹತ್ತೊಂಬತ್ತು ದಿನವಿದೆ. ನಿಮ್ಮವರ ಕೈಯಲ್ಲೇ ಮಾಡಿಸಿ, ಫಲಿತಾಂಶ ಬರುವವರೆಗೆ ಕಾಲುವೆಯ ತೂಬು ಎತ್ತಬೇಡಿ. ನನ್ನ ಲೆಕ್ಕ ತಪ್ಪಾಗಿದ್ದರೆ ನನ್ನನ್ನು ಮನೆಗೆ ಕಳಿಸಿ, ಸಂತೋಷದಿಂದ ಹೋಗುತ್ತೇನೆ. ಸರಿಯಾಗಿದ್ದರೆ ನನ್ನ ವರದಿಯನ್ನು ಹರಿದುಹಾಕಿ, ಒಪ್ಪಿಗೆ ಪತ್ರವನ್ನು ನನ್ನ ಕೈಗೆ ಕೊಡಿ. ಆ ಹೆಬ್ಬೆಟ್ಟನ್ನು ಆಕೆಗೆ ಮುಟ್ಟಿಸಿ ಬರಬೇಕು.

ಇಂತಿ,
ನಿಮ್ಮ ಎರಡನೇ ಪುಟದಲ್ಲಿ ‘ತೃಪ್ತಿಕರ’ ಎಂದು ಬರೆದು, ಅಂದಿನಿಂದ ತೃಪ್ತಿಯಾಗಿ ಒಂದು ತುತ್ತು ಉಣ್ಣದ
ಮಡಿವಾಳಪ್ಪ