ಕೆನ್ನೆ ಚೆನ್ನಾಗಿ ಬರಲಿ

ಅಕ್ಕನ ಮನೆ, ಹಿಂದಿನ ಕೋಣೆ
ಶುಕ್ರವಾರ, ಮಧ್ಯಾಹ್ನ

ಊರಿನ ಮುಖಗಳನ್ನೆಲ್ಲ ತಿದ್ದಿ ಕೊಡುವ ನನ್ನ ಯಜಮಾನರಿಗೆ,

ನಮಸ್ಕಾರ. ತಿಂಗಳುಗಟ್ಟಲೆ ಬೇರೆ ಮನೆಯಲ್ಲಿರುವ ಹೆಂಡತಿ ಫೋನ್ ಬಿಟ್ಟು ಪತ್ರ ಬರೆದಿದ್ದಾಳೆಂದರೆ ವಕೀಲರ ನೋಟಿಸೇ ಇರಬೇಕೆಂದು ನೀವು ಸ್ಟುಡಿಯೋದ ಷಟರ್ ಎಳೆದುಕೊಂಡು ಓದುತ್ತಿರಬಹುದು. ಷಟರ್ ಎತ್ತಿ. ಇದು ನೋಟಿಸಲ್ಲ. ಫೋನಿನಲ್ಲಾದರೆ ನಾನೊಂದು ವಾಕ್ಯ ಮುಗಿಸುವುದರೊಳಗೆ ನೀವು ಅದನ್ನು ತಿದ್ದಿಬಿಡುತ್ತೀರಿ. ಕಾಗದದ ಮೇಲೆ ನನ್ನ ಮಾತು ಪೂರ್ಣವಿರಾಮದವರೆಗಾದರೂ ಬದುಕಿರುತ್ತದೆ. ನಾನು ಬರೆಯುತ್ತಿರುವುದೂ ಬದುಕಿರುವ ವಿಷಯಕ್ಕೇ. ಆದ್ದರಿಂದ ಕೊನೆಯವರೆಗೂ ಓದಿ.

ನನ್ನ ಎಡಗೆನ್ನೆಯ ಮಚ್ಚೆ ನಿಮಗೆ ಗೊತ್ತು. ಅದನ್ನು ನಿಮ್ಮಷ್ಟು ಸಲ ಅಳಿಸಿದವರು ಇನ್ನೊಬ್ಬರಿಲ್ಲವಲ್ಲ! ಮದುವೆಯ ಆಲ್ಬಮ್ಮಿನಲ್ಲೇ ಅದು ಮಾಯವಾಗಿತ್ತು. "ಮಚ್ಚೆ ಬೇಡ ಕಣೇ, ನೋಡೋರ ಕಣ್ಣು ಅಲ್ಲೇ ಹೋಗಿ ಕೂತ್ಕೊಳ್ಳುತ್ತೆ" ಅಂದಿರಿ. ಮಚ್ಚೆ ಹೋದರೇನು, ಮೆಚ್ಚಿದ್ದಾರಲ್ಲ ಎಂದು ನಾನೂ ನಕ್ಕೆ. ಆಮೇಲೆ ಒಂದೊಂದು ಫೋಟೋದಲ್ಲೂ ಅದು ಹೋಗುತ್ತಲೇ ಇತ್ತು, ಜೊತೆಗೆ ಹಣೆಯ ಗೆರೆ, ಕಣ್ಣ ಕೆಳಗಿನ ನೆರಳು, ಒಂದು ಸಲವಂತೂ ಕತ್ತಿನ ಅರ್ಧ ಭಾಗ. ಕಡೆಗೆ ನಾನು ಪಾಠ ಮಾಡುವ ಕಾಲೇಜಿನ ಗುರುತಿನ ಚೀಟಿಯ ಫೋಟೋಗೂ ನೀವು ಟಚಪ್ ಮಾಡಿಕೊಟ್ಟಿರಿ. ಗೇಟಿಗೆ ಹೊಸದಾಗಿ ಬಂದವನು ಚೀಟಿ ನೋಡಿ, ನನ್ನನ್ನು ನೋಡಿ, "ಮೇಡಂನೇ ಬರೋಕೆ ಹೇಳಿಮ್ಮಾ, ಅವರ ಕಾರ್ಡು ನಿಮಗೆ ನಡೆಯಲ್ಲ" ಅಂದ. ಅವತ್ತು ಅವನು ಒಳಗೆ ಬಿಡಲಿಲ್ಲ, ನಾನು ಮನೆ ಬಿಟ್ಟೆ. ಟಚಪ್ ಹೆಚ್ಚಾಗಿ ನಮ್ಮಿಬ್ಬರ ನಡುವೆ ಟಚ್ಚೇ ಇಲ್ಲದಂತಾಗಿತ್ತು ಎಂಬುದು ನನ್ನ ವಾದ. ಅದನ್ನು ಇವತ್ತು ಮುಂದುವರಿಸುವುದಿಲ್ಲ.

ಇಲ್ಲಿಗೆ ಬಂದ ಮೇಲೆ ಮಚ್ಚೆ ಬೆಳೆಯಿತು. ಎಳ್ಳಿನಷ್ಟಿದ್ದದ್ದು ಅಂಗಿಯ ಗುಂಡಿಯಷ್ಟಾಯಿತು. ಅಂಚು ಇಲಿ ಕಡಿದ ಕಾಗದದ ಹಾಗೆ. ಒಂದು ಕಡೆ ಕಂದು, ಒಂದು ಕಡೆ ಇದ್ದಿಲು. ಅಕ್ಕ "ಬಿಸಿಲಿಗೆ ಹೀಗಾಗಿದೆ, ಏನಾದ್ರೂ ಕ್ರೀಮ್ ಹಚ್ಚೇ" ಅಂದಳು. ಭಾವ "ವಯಸ್ಸೂ ಆಗ್ತಾ ಬಂತಲ್ಲ" ಎಂದು ಬಾಯಿಬಿಟ್ಟು, ಅಕ್ಕನ ಕೆಂಗಣ್ಣಿಗೆ ಗುರಿಯಾಗಿ, ಪೇಪರಿನ ಹಿಂದೆ ಅಡಗಿಕೊಂಡರು.

ನಾನು ನಮ್ಮ ಕ್ಲಿನಿಕ್ಕಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಮುಟ್ಟಿ ನೋಡಿ, ಕನ್ನಡಕ ಬದಲಿಸಿ ನೋಡಿ, "ನಾನು ಜ್ವರ, ಕೆಮ್ಮಿನ ಡಾಕ್ಟರು ಕಣ್ರೀ. ಇದನ್ನ ಚರ್ಮದ ತಜ್ಞರೇ ನೋಡ್ಬೇಕು. ಬೇಗ ನೋಡ್ಬೇಕು" ಅಂದರು. ನಮ್ಮೂರಿನಲ್ಲಿ ಚರ್ಮದ ತಜ್ಞರೆಲ್ಲಿದ್ದಾರೆ? ಕ್ಲಿನಿಕ್ಕಿನ ಗೋಡೆಯ ಮೇಲೆ ಒಂದು ಬೋರ್ಡಿದೆ, ಅಷ್ಟೆ. ಬರೆದವನು ಅರ್ಕಾವತ್ತಿನ ಗೋಜೇ ಬೇಡವೆಂದು ರಕಾರವನ್ನು ಇಡಿಯಾಗಿ ಕೂರಿಸಿದ್ದಾನೆ: "ಚರಮರೋಗ ತಪಾಸಣೆ, ತಜ್ಞರು ಬಂದಾಗ." ತಜ್ಞರು ಬರುವಷ್ಟರಲ್ಲಿ ಅದು ಕೊನೆಯ ರೋಗವೇ ಆಗಿ ಕಾಗುಣಿತ ಸರಿಯಾಗಿಬಿಡುತ್ತದೆ ಎಂದು ನಾನು ಡಾಕ್ಟರಮ್ಮನಿಗೆ ಹೇಳಿದೆ. ಅವರು ನಗಲಿಲ್ಲ. ನನ್ನ ಶ್ಲೇಷೆಗೆ ನಗದವರನ್ನು ಕಂಡರೆ ನನಗೆ ಕೋಪ ಬರುತ್ತದೆ. ಅವತ್ತು ಭಯ ಬಂತು.

ತಜ್ಞರು ಇರುವುದು ದೊಡ್ಡ ಪಟ್ಟಣದ ಆಸ್ಪತ್ರೆಯಲ್ಲಿ, ಅರ್ಧ ದಿನದ ಬಸ್ ದಾರಿ. ಸುತ್ತಲಿನ ಊರುಗಳಿಗೆಲ್ಲ ಅವರೊಬ್ಬರೇ. ಹಾಗಾಗಿ ಮೊದಲು ಫೋಟೋ ಕಳಿಸಬೇಕು. ನೋಡಿ ಗಾಬರಿಯಾಗುವಂಥದ್ದಿದ್ದರೆ ತಕ್ಷಣ ಕರೆಯುತ್ತಾರೆ, ಇಲ್ಲದಿದ್ದರೆ ಸರದಿ ಬಂದಾಗ. ಡಾಕ್ಟರಮ್ಮ ತಮ್ಮ ಹಳೆಯ ಫೋನಿನಲ್ಲಿ ತೆಗೆದರೆ ಮಚ್ಚೆಯೂ ಮೂಗೂ ಕಲಸಿಹೋಗಿ ಬಂತು. "ಸ್ಟುಡಿಯೋದಲ್ಲಿ ತೆಗೆಸಿಬಿಡಿ, ಸ್ಪಷ್ಟವಾಗಿರುತ್ತೆ" ಅಂದರು. ಊರಿಗೆಲ್ಲ ಇರುವ ಒಂದೇ ಸ್ಟುಡಿಯೋದ ಮಾಲೀಕರಿಗೂ ನನಗೂ ಏನು ಸಂಬಂಧವೆಂದು ಅವರಿಗೆ ಗೊತ್ತಿರಲಿಲ್ಲ.

ಬಂದೆ. ನೀವು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ "ಗಲ್ಲ ಸ್ವಲ್ಪ ಇಳಿಸಿ, ಕಣ್ಣು ಮಿಟುಕಿಸಬೇಡಿ" ಅಂದಿರಿ. ಇಳಿಸಿ! ಮಿಟುಕಿಸಬೇಡಿ! ಇಷ್ಟು ವರ್ಷ ಏಕವಚನದಲ್ಲಿದ್ದವಳಿಗೆ ಅವತ್ತು ಬಹುವಚನ ಸಿಕ್ಕಿತು. ವ್ಯಾಕರಣ ಕಲಿಸಿಯೇ ಹೊಟ್ಟೆ ಹೊರೆಯುವವಳು ನಾನು; ಆ ಒಂದು ಪ್ರತ್ಯಯದಲ್ಲಿ ಎಷ್ಟು ದೂರವಿದೆಯೆಂದು ನನಗೆ ಗೊತ್ತಾಗದೇ? ನನಗೂ ಹಟ ಬಂತು. ಏನಾಗಿದೆ, ಫೋಟೋ ಯಾರಿಗೆ ಹೋಗುತ್ತದೆ ಎಂದು ಹೇಳಲಿಲ್ಲ. ಆಸ್ಪತ್ರೆಯದೂ ಡಾಕ್ಟರಮ್ಮನದೂ ಇಮೇಲ್ ವಿಳಾಸವಿದ್ದ ಚೀಟಿ ಮುಂದಿಟ್ಟು "ಎರಡಕ್ಕೂ ಕಳಿಸಿ. ಕೆನ್ನೆ ಚೆನ್ನಾಗಿ ಬರಲಿ" ಅಂದೆ. ಅಷ್ಟೇ ಅಂದದ್ದು.

ಡಾಕ್ಟರಮ್ಮ ಹೇಳಿದ್ದ "ಸ್ಪಷ್ಟವಾಗಿ" ನನ್ನ ಬಾಯಲ್ಲಿ "ಚೆನ್ನಾಗಿ" ಆಯಿತು. ನನ್ನ ಬಾಯಿಯ "ಚೆನ್ನಾಗಿ" ನಿಮ್ಮ ಕಿವಿಯಲ್ಲಿ ಟಚಪ್ ಆಯಿತು. ಸ್ಟುಡಿಯೋಗೆ ಬಂದು "ಚೆನ್ನಾಗಿ" ಅಂದವರಿಗೆ ನೀವು ಬೇರೆ ಏನನ್ನು ತಾನೇ ಕೊಟ್ಟಿದ್ದೀರಿ?

ಆಸ್ಪತ್ರೆಯಿಂದ ಉತ್ತರ ಬಂತು: ಗಮನಿಸುವಂಥದ್ದೇನೂ ಕಾಣುತ್ತಿಲ್ಲ, ಸರದಿಯ ಪ್ರಕಾರ ಕರೆಯಲಾಗುವುದು. ನಾನು ಕುಣಿದಾಡಿದೆ. ಅಕ್ಕ "ನಾನು ಹೇಳ್ಲಿಲ್ವಾ, ಬಿಸಿಲು ಅಂತ" ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದಳು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಮುಖ ಒರೆಸಿಕೊಂಡೆ, ಟವೆಲ್ಲಿನಲ್ಲಿ ರಕ್ತವಿತ್ತು. ಮತ್ತೆ ಕ್ಲಿನಿಕ್ಕಿಗೆ ಓಡಿದೆ. ಡಾಕ್ಟರಮ್ಮ ತಮಗೆ ಬಂದಿದ್ದ ಪ್ರತಿಯನ್ನು ಆಗಲೇ ಮೊದಲ ಸಲ ಕಂಪ್ಯೂಟರಿನಲ್ಲಿ ತೆರೆದರು. "ಇದ್ಯಾರು, ನಿಮ್ಮ ತಂಗಿನಾ?" ಅಂದರು. ನನಗೆ ತಂಗಿ ಇಲ್ಲ ಅಂದೆ. ಅವರು ಪರದೆಗೆ ಮೂಗು ತಾಗಿಸಿ ನೋಡಿ, "ಮಚ್ಚೆನೇ ಇಲ್ವಲ್ರೀ ಇದ್ರಲ್ಲಿ! ಹಾಗಾದ್ರೆ ಅವರು ನೋಡಿದ್ದು ಏನನ್ನ?" ಅಂದರು. ಕೆನ್ನೆ ನಿಜಕ್ಕೂ ಚೆನ್ನಾಗಿತ್ತು ರೀ. ಇಪ್ಪತ್ತರ ಹುಡುಗಿಯ ಕೆನ್ನೆ. ಅದರ ಮುಂದೆ ನಾನು ಟವೆಲ್ ಒತ್ತಿ ಹಿಡಿದು ಕೂತಿದ್ದೆ.

ಡಾಕ್ಟರಮ್ಮ ನರ್ಸಿನ ಫೋನ್ ಕಿತ್ತುಕೊಂಡು, ನನ್ನನ್ನು ಕಿಟಕಿಯ ಪಕ್ಕ ನಿಲ್ಲಿಸಿ, ತಾವೇ ಇನ್ನೊಂದು ತೆಗೆದು ಕಳಿಸಿದರು. ನನ್ನ ಜನ್ಮದಲ್ಲೇ ಅಷ್ಟು ಕೆಟ್ಟ ಫೋಟೋ ಇನ್ನೊಂದಿಲ್ಲ. ಸಂಜೆಯೊಳಗೆ ತಜ್ಞರೇ ಫೋನ್ ಮಾಡಿದರು: ನಾಳೆಯೇ ಬನ್ನಿ.

ಹೋದೆವು, ಅಕ್ಕ ಮತ್ತು ನಾನು. ತಜ್ಞರು ಚಿಕ್ಕ ವಯಸ್ಸಿನವರು, ಕಣ್ಣ ಕೆಳಗೆ ನೀವು ಅಳಿಸಲು ಕೈಚಾಚುವಂಥ ಕಪ್ಪು. ದೀಪವಿರುವ ಮಸೂರವನ್ನು ಕೆನ್ನೆಗೆ ಒತ್ತಿ ಬಹಳ ಹೊತ್ತು ನೋಡಿದರು. ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಏನನ್ನೂ ತಿದ್ದದೆ ನನ್ನ ಮುಖವನ್ನು ಯಾರೂ ನೋಡಿರಲಿಲ್ಲ. ಆಮೇಲೆ ಮರಗಟ್ಟಿಸುವ ಸೂಜಿ ಚುಚ್ಚಿ, ಒಂದು ತುಣುಕು ತೆಗೆದು, ಹೊಲಿಗೆ ಹಾಕಿ, ಪರೀಕ್ಷೆಗೆ ಕಳಿಸಿದರು. "ಮೊದಲು ಎಷ್ಟಿತ್ತು? ಯಾವ ಕಡೆಗೆ ಹರಡ್ತಾ ಬಂತು? ಹಳೇ ಫೋಟೋ ಇದ್ರೆ ತನ್ನಿ, ಎಲ್ಲಿವರೆಗೆ ಕತ್ತರಿಸ್ಬೇಕು ಅನ್ನೋದಕ್ಕೆ ನನಗೆ ಸಹಾಯ ಆಗುತ್ತೆ" ಅಂದರು. ನನಗೆ ನಗು ಬಂತು, ಹೊಲಿಗೆ ಎಳೆಯಿತು. ಫೋಟೋಗ್ರಾಫರ ಹೆಂಡತಿ ನಾನು, ಬೀರು ತುಂಬ ಫೋಟೋ. ಒಂದರಲ್ಲೂ ನಾನಿಲ್ಲ.

ಆದ್ದರಿಂದ ಈ ಪತ್ರ. ತಿದ್ದುವ ಮೊದಲಿನವು ಬೇಕು. ನೆಗೆಟಿವ್‌ಗಳನ್ನು ನೀವು ಎಸೆಯುವವರಲ್ಲ. ಈಚಿನವು ಕಂಪ್ಯೂಟರಿನಲ್ಲಿ ಎಲ್ಲೋ ಇರುತ್ತವೆ. ಎಡಗೆನ್ನೆ ಕಾಣುವುದನ್ನೆಲ್ಲ, ಹಳೆಯದರಿಂದ ಹೊಸದರವರೆಗೆ, ಇದ್ದದ್ದು ಇದ್ದ ಹಾಗೆ ತೆಗೆದಿಡಿ. ದಯವಿಟ್ಟು ಬೆಳಕನ್ನೂ ಸರಿಮಾಡಬೇಡಿ. ಪರೀಕ್ಷೆಯ ವರದಿ ನಾಳೆ ಬರುತ್ತದಂತೆ. ಬಹುಶಃ ಏನೂ ಇರಲಿಕ್ಕಿಲ್ಲ.

ಸಿಟ್ಟಿದೆಯೇ ಎಂದು ಕೇಳುತ್ತೀರಿ. ಇದೆ. ಅದರಲ್ಲಿ ಅರ್ಧ ನನ್ನ ಮೇಲೆ: "ರೀ, ಭಯವಾಗ್ತಿದೆ" ಎನ್ನಬೇಕಾದ ಬಾಯಿ "ಚೆನ್ನಾಗಿ ಬರಲಿ" ಅಂದಿತಲ್ಲ! ಇಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಾಗ ನನಗೆ ಒಂದು ಶ್ಲೇಷೆಯೂ ಹೊಳೆಯಲಿಲ್ಲ. ನನ್ನನ್ನು ಬಲ್ಲ ನಿಮಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಭಾವ ಸಂಜೆ ಆ ಕಡೆ ಬರುವಾಗ ಪತ್ರ ನಿಮ್ಮ ಕೈಗೇ ಕೊಡುತ್ತಾರೆ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀರಿ ತಾನೇ?

ಇಂತಿ,
ನಿಮ್ಮ ಮೂಲಪ್ರತಿ

ತಾ.ಕ.: ವರದಿ ನಾಳೆ ಎಂದು ಬರೆದದ್ದು ನಾನು ಮಾಡಿದ ಟಚಪ್. ಅದು ನಿನ್ನೆಯೇ ಬಂತು. ಕ್ಯಾನ್ಸರ್. ಮೇಲಿನ ಪದರದಲ್ಲೇ ಇರುವಂತಿದೆ, ಪೂರ್ತಿ ತೆಗೆದ ಮೇಲೇ ಖಚಿತ ಎಂದರು. ಸೋಮವಾರ ಬೆಳಿಗ್ಗೆ ಆಪರೇಷನ್. ಕಿವಿಯಿಂದ ತುಟಿಯ ಹತ್ತಿರದವರೆಗೆ ಗುರುತು ಉಳಿಯುತ್ತದಂತೆ. ಜೊತೆಯಲ್ಲಿ ಒಬ್ಬರು ಇರಲೇಬೇಕೆಂದು ಆಸ್ಪತ್ರೆಯವರು ಹೇಳಿದ್ದಾರೆ. ಬಸ್ಸು ಭಾನುವಾರ ಮಧ್ಯಾಹ್ನ. ಅಕ್ಕ ಚೀಲ ತುಂಬಿಕೊಂಡು ಕೂತಿದ್ದಾಳೆ. ಅವಳಿಗೆ ಬರಬೇಡ ಎಂದಿದ್ದೇನೆ.