ಅವ್ವ ಕಣ್ಣಿಗೆ ಹಾಕಿಕೊಂಡ ಪಾಪ

ಗುಲಬರ್ಗಾ
೧೭ ಜನವರಿ ೧೯೮೮

ಪ್ರೀತಿಯ ಅವ್ವಾ,

ಶರಣು ಶರಣಾರ್ಥಿ. ಮೊಣಕಾಲು ನೋವು ಈಗ ಹೇಗಿದೆ? ಅಪ್ಪಾ, ಈ ಪತ್ರವನ್ನು ನೀವೇ ಅವ್ವನಿಗೆ ಓದಿ ಹೇಳಬೇಕು. ಬೇಡವೆನಿಸಿದ ಸಾಲುಗಳನ್ನು ನುಂಗಬಾರದು.

ನನ್ನ ಸಂಶೋಧನೆ ಮುಗಿಯಿತು ಅವ್ವಾ. ಮೊದಲ ನಮಸ್ಕಾರ ನಿನಗೆ, ಎರಡನೆಯದು ಆಳಂದದ ಕಸಾಯಿ ಅಂಗಡಿಯ ಕರೀಮಸಾಬರಿಗೆ. ಕೊಯ್ದ ಆಡಿನ ಕಣ್ಣುಗಳನ್ನು ಬಿಸಾಡದೆ, ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು ಬೆಳಗಿನ ಬಸ್ಸಿಗೆ ಕಳಿಸುತ್ತಿದ್ದರು. ಹಲ್ಲು ನೋಡಿ ಪ್ರಾಯವನ್ನೂ ಬರೆಸುತ್ತಿದ್ದರು. ಒಮ್ಮೆ ನಾನೇ ಹೋದಾಗ, "ಇದು ಭಾಳ ಮುದಿ ಆಡು ಬೇಟಿ, ಹಲ್ಲೆಲ್ಲ ಸವದಾವ. ಜ್ವಾಪಾನ ಒಯ್ಯಿ" ಎಂದು ಕೈಗಿಟ್ಟರು.

ಅದರಲ್ಲಿ ಏನು ಕಂಡೆ ಗೊತ್ತೇ? ಕಣ್ಣೊಳಗೆ ಬೆಳಕು ಹಾಯುವ ಮಸೂರ ಅಂತ ಒಂದಿರುತ್ತದೆ. ಮರಿಯಲ್ಲಿ ಅದು ನೀರಿನ ಹನಿಯಷ್ಟು ತಿಳಿ. ಆಮೇಲೆ ಉಳ್ಳಾಗಡ್ಡಿಯ ಹಾಗೆ ಪದರದ ಮೇಲೆ ಪದರ ಬೆಳೆಯುತ್ತಲೇ ಹೋಗುತ್ತದೆ, ಹಳೆಯದು ಉದುರುವುದೇ ಇಲ್ಲ. ತಾಯಿಯ ಹೊಟ್ಟೆಯಲ್ಲಿ ಮೂಡಿದ್ದೂ ನಡುವೆ ಹಾಗೇ ಕೂತಿರುತ್ತದೆ. ಅದಕ್ಕೆ ರಕ್ತದ ನಾಳವಿಲ್ಲ, ಸುತ್ತಲಿನ ನೀರಿನಿಂದಲೇ ಉಣ್ಣಬೇಕು. ಮುಪ್ಪಿನಲ್ಲಿ ಆ ಉಣ್ಣುವ, ಅರಗಿಸುವ ಶಕ್ತಿ ಕುಂದಿ ಮಸೂರ ಹಳದಿಯಾಗುತ್ತದೆ, ಮಬ್ಬಾಗುತ್ತದೆ. ನಿನ್ನ ಕಣ್ಣಿನ ಪೊರೆಯೂ ಅದೇ. ಆ ಆಡು ಯಾರ ಪಾಪ ಹೊತ್ತಿತ್ತು ಹೇಳು?

ನಾನೇನೂ ಮರೆತಿಲ್ಲ. "ಲಿಂಗವಂತರ ಹುಡುಗಿ ಕಸಾಯಿ ಅಂಗಡಿ ಕಣ್ಣು ತಂದು ಕೊಯ್ತಾಳೇನು?" ಎಂದು ದೊಡ್ಡಪ್ಪ ಓದು ಬಿಡಿಸಲು ನಿಂತಾಗ, ಪೂಜೆಗೆ ಕೂತಿದ್ದ ನೀನು ಅಂಗೈಯ ಲಿಂಗ ನೋಡುತ್ತಲೇ, "ಆ ಪಾಪ ನನ್ನ ಕಣ್ಣಿಗಿರ್ಲಿ, ಆಕಿ ಓದ್ಲಿ" ಎಂದೆ. ಆ ಒಂದು ಮಾತಿನಿಂದ ನಾನು ಇಲ್ಲಿಯವರೆಗೆ ಬಂದೆ. ಈ ಋಣ ತೀರುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ. ಆದರೆ ಪೊರೆ ತೆಗೆಸಿದರೆ ಪಾಪ ಮಗಳ ಕಣ್ಣಿಗೆ ಹತ್ತುತ್ತದೆ ಎಂದು ಆಪರೇಷನ್ ಬೇಡವೆನ್ನುತ್ತೀಯಂತೆ. ಗೋಡೆ ತಡವುತ್ತ ಒಲೆಯ ಮುಂದೆ ಹೋಗಿ ಕೂರುತ್ತೀಯಂತೆ. ಕೇಳಿ ಬಹಳ ಸಂಕಟವಾಯಿತು. ಹಟದಲ್ಲಿ ನಾನೂ ನಿನ್ನ ಮಗಳೇ, ನೆನಪಿರಲಿ.

ದೊಡ್ಡಪ್ಪನಿಗೂ ನನ್ನ ನಮಸ್ಕಾರ ತಿಳಿಸು. ಈಗ ಊರ ತುಂಬ ನನ್ನನ್ನೇ ಹೊಗಳುತ್ತಿದ್ದಾರಂತೆ!

ನಿನ್ನ ಮಗಳು,
ಗುರುಶಾಂತಾ

ತಾ.ಕ.: ಟಪಾಲಿನ ಹೊತ್ತಾಯಿತು. ಮಸೂರದ ಮಾತನ್ನು ನೀನು ನಂಬುವುದಿಲ್ಲವೆಂದು ಗೊತ್ತು. ಅದಕ್ಕೇ ಇವತ್ತು ಬೆಳಿಗ್ಗೆ ಲಿಂಗಪೂಜೆಗೆ ಕೂತು ಆ ಪಾಪವನ್ನು ವಾಪಸ್ ಕೇಳಿ ಪಡೆದುಕೊಂಡೆ. ಇನ್ನು ಅದು ನನ್ನದು, ನೀನು ಪೊರೆ ಇಟ್ಟುಕೊಂಡು ಕೂತರೆ ಯಾರಿಗೂ ಉಪಯೋಗವಿಲ್ಲ. ಇಲ್ಲಿಯ ಕಣ್ಣಿನ ಡಾಕ್ಟರು ಗುರುವಾರ ಬರಹೇಳಿದ್ದಾರೆ. ಬುಧವಾರವೇ ಅಪ್ಪನ ಜೊತೆ ನಿಂಬರ್ಗಾದಲ್ಲಿ ಗುಲಬರ್ಗಾ ಬಸ್ಸು ಹತ್ತು. ನನ್ನ ಕಣ್ಣಿಗೆ ಏನಾದರೂ ಆಗಿದೆಯೇ ಎಂದು ನೋಡಬೇಕಾದರೆ, ಮೊದಲು ನಿನ್ನ ಪೊರೆ ತೆಗೆಸಲೇಬೇಕು.