ಎಡಮೂಲೆಯ ಏಳು ಮಿಲಿಮೀಟರ್

ಗ್ಯಾರೇಜು,
ಗುರುವಾರ, ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಚಿಕ್ಕಪ್ಪ,

ನಿಮ್ಮ ಮಂಡಿನೋವು ಹೇಗಿದೆ? ಅತ್ತೆಯ ಮನೆ ಮೂರನೆಯ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದುಕೊಳ್ಳಿ, ಯಾರೂ ನೋಡುತ್ತಿಲ್ಲವೆಂದು ಎರಡೆರಡು ಮೆಟ್ಟಿಲು ಒಟ್ಟಿಗೆ ದಾಟಬೇಡಿ. ಅತ್ತೆಯ ಕೆಮ್ಮು ಕಡಿಮೆಯಾಯಿತೇ? ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಅಪ್ಪನ ಕೈಕಾಲು ನೆಟ್ಟಗಿವೆ, ಅಮ್ಮನ ನಾಲಿಗೆ ಎಂದಿನಷ್ಟೇ ಚುರುಕಾಗಿದೆ, ನನಗೆ ನಿದ್ದೆ ಹತ್ತುತ್ತಿಲ್ಲ. ನೀವು ಹೋಗಿ ಇಂದಿಗೆ ಹತ್ತೊಂಬತ್ತು ದಿನ. ಅಮ್ಮ ಈಗಲೂ ಊಟಕ್ಕೆ ನಾಲ್ಕು ತಟ್ಟೆ ಇಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾ ಒಂದನ್ನು ಎತ್ತಿಡುತ್ತಾಳೆ.

ಹೇಳಬೇಕಾದದ್ದನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನರ್ಸಮ್ಮನ ಹಳೆಯ ಕಾರಿನ ಚಾಸಿಯನ್ನು ನೀವು ಕೆಡಿಸಿರಲಿಲ್ಲ. ಕೆಡಿಸಿದ್ದು ನಾನು.

ಅವತ್ತು ನಡೆದದ್ದನ್ನು ನಾನೇ ಮತ್ತೊಮ್ಮೆ ಬರೆಯಬೇಕು, ಏಕೆಂದರೆ ಇಡೀ ಬೀದಿಗೆ ಅದನ್ನು ತಪ್ಪಾಗಿ ಹೇಳಿದವಳು ನಾನೇ. ಕಾರಿನ ಬಾಡಿ ಬಿಚ್ಚಿ ಗೋಡೆಗೆ ಒರಗಿಸಿದ್ದೆವು. ಬರೀ ಚಾಸಿ, ಅಂದರೆ ಕಬ್ಬಿಣದ ಅಡಿಚೌಕಟ್ಟು, ಚಕ್ರಗಳ ಸಮೇತ ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ನಾನು ಟೇಪು ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಅಳೆದೆ. ಬಲಗಡೆಗಿಂತ ಎಡಗಡೆ ನಲವತ್ತೈದು ಮಿಲಿಮೀಟರ್ ಕಡಿಮೆ ಬಂತು. ಮೂರು ವರ್ಷದ ಹಿಂದೆ ನರ್ಸಮ್ಮ ಎಡಮೂಲೆಯನ್ನು ಗೇಟಿನ ಕಂಬಕ್ಕೆ ಗುದ್ದಿದಾಗ ರಿಪೇರಿ ಮಾಡಿದ್ದು ನೀವು. ಅದಕ್ಕೂ ಇದಕ್ಕೂ ಗಂಟು ಹಾಕಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ. ನೀವು ಚಾಸಿಯ ಕೆಳಗೆ ಮಲಗಿದ್ದವರು ತಲೆಯನ್ನೂ ಹೊರಗೆ ಹಾಕದೆ, ನನಗೆ ನೀವೇ ಇಟ್ಟ ಅಡ್ಡಹೆಸರು ಹಿಡಿದು ಹೇಳಿದಿರಿ: "ಲೇ ಕರಪತ್ರ, ಚಾಸಿ ಅಳಿ, ಚಕ್ರ ಅಳೀಬೇಡ. ಆ ಕಾರು ಇರೋದೇ ಹಾಗೆ." ಯಾವ ಪುಸ್ತಕದಲ್ಲಿದೆ ಎಂದು ಕೇಳಿದೆ. "ನನ್ನ ಕೈಗೆ ಗೊತ್ತು" ಎಂದಿರಿ. "ಮೋಸ ಮಾಡೋರೆಲ್ಲ ಹೇಳೋದು ಇದನ್ನೇ" ಎಂದೆ ನಾನು. ಆ ಮಾತು ಬಾಯಿಂದ ಹೊರಬಿದ್ದಾಗ ನನಗೆ ಎಷ್ಟು ಹೆಮ್ಮೆಯಾಗಿತ್ತೆಂಬುದನ್ನೂ ಬರೆಯುತ್ತೇನೆ, ಮುಚ್ಚಿಡುವುದಿಲ್ಲ.

ಆಮೇಲೆ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ "ಈ ಚಾಸಿ ಸೊಟ್ಟಗಿದೆ. ಸೊಟ್ಟಗಿರುವುದನ್ನು ಮುಚ್ಚಿಡಲಾಗಿದೆ" ಎಂದು ಬರೆದು ಬಾಗಿಲಿಗೆ ನೇತುಹಾಕಿದೆ. ಗ್ರಾಹಕರ ಹಕ್ಕಿನ ಬಗ್ಗೆ ನಾನು ಓದಿದ ಹದಿನಾಲ್ಕು ಪುಟದ ಪುಸ್ತಿಕೆಯಲ್ಲಿ ಹಾಗೆ ಮಾಡಬೇಕೆಂದು ಇತ್ತು. ಸಂಬಂಧಿಕರೇ ತಪ್ಪು ಮಾಡಿದರೆ ಇನ್ನೂ ಜೋರಾಗಿ ಹೇಳಬೇಕೆಂದೂ ಇತ್ತು. ನರ್ಸಮ್ಮ ಬಂದು ಓದಿದರು, ನಿಮ್ಮ ಕಡೆ ನೋಡಿದರು. ನೀವು ಸೋಪು ಹಚ್ಚಿ ಎರಡು ಸಲ ಕೈ ತೊಳೆದು, ಲಂಬ ನೋಡುವ ನಿಮ್ಮ ತೂಕದ ಗುಂಡಿಗೆ ದಾರ ಸುತ್ತಿ ಜೇಬಿಗೆ ಹಾಕಿಕೊಂಡು ಹೊರಟಿರಿ. ಅಪ್ಪ ಟೇಪು ಇಸಿದುಕೊಂಡು ತಾವೂ ಅಳೆದರು. ಅದೇ ನಲವತ್ತೈದು ಬಂತು. ಅವರು ತಲೆ ತಗ್ಗಿಸಿದರು. ಪೇಂಟಿನ ಕೆಲಸ ಬಿಟ್ಟು ಚಾಸಿಯ ವಿಷಯದಲ್ಲಿ ಅವರು ಎಂದೂ ಬಾಯಿ ಹಾಕಿದವರಲ್ಲ ಎಂದು ನಿಮಗೆ ಗೊತ್ತಲ್ಲ.

ಕಳೆದ ಶನಿವಾರ ಆ ನಲವತ್ತೈದನ್ನು ಸರಿಮಾಡಲೆಂದು ಚಾಸಿ ಎಳೆಯಲು ನಿಂತೆವು. ಚಾಸಿಯ ಹಿಂಭಾಗವನ್ನು ನೆಲದ ಕೊಂಡಿಗಳಿಗೆ ಬಿಗಿದು, ಎಡಮುಂದಿನ ಮೂಲೆಗೆ ಸರಪಳಿಯ ಕೊಕ್ಕೆ ಸಿಕ್ಕಿಸಿ, ಜಾಕು ಕೂರಿಸಿದೆವು. "ತಮ್ಮನಿಗೆ ಒಂದು ಮಾತು ಕೇಳೋಣ ಕಣೆ" ಎಂದು ಅಪ್ಪ ಎರಡು ಸಲ ಹೇಳಿದರು. "ಆರೋಪಿಯನ್ನೇ ಸಾಕ್ಷಿಗೆ ಕರೆಯೋದಾ?" ಎಂದು ನಾನು ನಕ್ಕೆ. ಅವರು ಒದ್ದೆ ಗೋಣಿಚೀಲ ತಂದು ಬಿಗಿದ ಸರಪಳಿಯ ಮೇಲೆ ಹೊದಿಸಿದರು. ಅದು ನಿಮ್ಮ ಪದ್ಧತಿ. ಅದಕ್ಕೂ ನಕ್ಕೆ. ಅಪ್ಪ ಜಾಕು ಒತ್ತುತ್ತಾ ಹೋದರು, ನಾನು ಟೇಪು ನೋಡಿ ಕೂಗುತ್ತಾ ಹೋದೆ. ಮೂರು ಮಿಲಿಮೀಟರ್. ಆರು. ಆಮೇಲೆ ಕಬ್ಬಿಣ ಮೊಂಡುಬಿದ್ದು ನಿಂತಿತು. "ಇನ್ನೂ" ಎಂದೆ. ಸರಪಳಿ ತಂತಿಯ ಹಾಗೆ ಗುಂಯ್‌ಗುಟ್ಟಿತು. ಅಡ್ಡತೊಲೆಯ ಬಳಿ ಹಳೆಯ ಬಣ್ಣ ಪುಡಿಪುಡಿಯಾಗಿ ಉದುರಿತು. ಉದುರುವುದನ್ನು ನೋಡಿದೆ, ಚಿಕ್ಕಪ್ಪ. ನೋಡಿಯೂ "ಇನ್ನೂ" ಎಂದೆ. ಒಳಗೆಲ್ಲೋ ಮೂಳೆ ಮುರಿದಂಥ ಸದ್ದಾಯಿತು. ಕೊಕ್ಕೆ ಜಾರಿತು. ಸರಪಳಿ ಗೋಣಿಚೀಲದ ಭಾರಕ್ಕೆ ಅರ್ಧ ಕೆಳಗೆ ಬಂತು, ಆದರೂ ಕೊಕ್ಕೆ ಅಪ್ಪನ ಕಿವಿಯಿಂದ ಒಂದು ಗೇಣು ದೂರದಲ್ಲಿ ಹಾದು ನೀರಿನ ಡ್ರಮ್ಮನ್ನು ತೂತು ಮಾಡಿತು. ನೀರು ಅವರ ಕಾಲಿನ ಸುತ್ತ ಹರಿಯುತ್ತಿದ್ದರೂ ಅವರು ಒಂದು ಕೈ ಜಾಕಿನ ಮೇಲೆ, ಒಂದು ಕೈ ಕಿವಿಯ ಮೇಲೆ ಇಟ್ಟುಕೊಂಡು ಕೂತೇ ಇದ್ದರು.

ಸೋಮವಾರ ನರ್ಸಮ್ಮ ಬಂದರು. ಟ್ರಂಕಿನ ತಳದಲ್ಲಿ ಸಿಕ್ಕಿತೆಂದು ಕಾರು ಕೊಂಡಾಗ ಕೊಟ್ಟಿದ್ದ ಪುಸ್ತಕ ತಂದಿದ್ದರು. ಅದರ ಕೊನೆಯ ಹಾಳೆಯಲ್ಲಿ ಚಾಸಿಯ ಚಿತ್ರ, ಬಲಗಡೆ ಒಂದು ಅಳತೆ, ಎಡಗಡೆ ಇನ್ನೊಂದು. ಕಳೆದು ನೋಡಿದೆ. ನಲವತ್ತೈದು. ಈ ಕಾರಿನ ಹಿಂದಿನ ಚಕ್ರಗಳಿಗೆ ಸುರುಳಿ ಸ್ಪ್ರಿಂಗು ಇಲ್ಲ. ಎರಡು ಉದ್ದ ಕಂಬಿಗಳು ಚಾಸಿಗೆ ಅಡ್ಡಡ್ಡ ಮಲಗಿವೆ, ತಿರುಚಿಕೊಂಡು ಭಾರ ಹೊರುತ್ತವೆ. ಒಂದರ ಪಕ್ಕ ಒಂದು ಇರಲೇಬೇಕಾದ್ದರಿಂದ ಒಂದು ಚಕ್ರ ಇನ್ನೊಂದಕ್ಕಿಂತ ಮುಂದೆ ಕೂರುತ್ತದೆ. ಹುಟ್ಟಿದಾಗಿನಿಂದ ಹಾಗೇ. ಆ ಎರಡು ಕಂಬಿಗಳನ್ನು ನಾನೇ ಸೀಮೆಎಣ್ಣೆ ಹಾಕಿ ಉಜ್ಜಿದ್ದೆ, ಒಂದು ವಾರ. ಉಜ್ಜಿದೆ, ನೋಡಲಿಲ್ಲ. "ಮೂವತ್ತು ವರ್ಷ ಓಡಿಸಿದೀನಿ, ಇವಳು ಒಂದು ಕಾಲು ಮುಂದಿಟ್ಟೇ ನಿಲ್ಲೋದು" ಎಂದರು ನರ್ಸಮ್ಮ. "ಕೇಳಿದ್ರೆ ಹೇಳ್ತಿದ್ದೆ ತಾಯಿ. ನೀನು ಕೇಳ್ಲಿಲ್ಲ, ಬೋರ್ಡು ಬರೆದೆ." ಜ್ವರದ ಮಕ್ಕಳಿಗೆ ಸೂಜಿ ಚುಚ್ಚಿ ಅಭ್ಯಾಸವಿರುವ ಕೈ, ಮಾತೂ ಹಾಗೇ ಒಂದೇ ಸಲಕ್ಕೆ ಒಳಗೆ ಹೋಗುತ್ತದೆ.

ಅವರು ಹೋದ ಮೇಲೆ ನೀವು ಹೇಳಿದ್ದನ್ನು ಮಾಡಿದೆ. ಪಕ್ಕದ ಕಟ್ಟಡದ ಗಾರೆಯವನಿಂದ ತೂಕದ ಗುಂಡು ಕೇಳಿ ತಂದು, ಚಕ್ರ ಮುಟ್ಟದೆ, ಚಾಸಿಯ ತೂತುಗಳಿಂದ ನೆಲಕ್ಕೆ ಇಳಿಬಿಟ್ಟೆ. ಗುರುತು ಹಾಕಲು ಧೂಳು ಒರೆಸಿದರೆ ಅಲ್ಲಿ ಆಗಲೇ ಗುರುತುಗಳಿದ್ದವು. ನೀವು ಪಂಚಿನಲ್ಲಿ ಹೊಡೆದ ಎಂಟು ಚುಕ್ಕಿಗಳು. ಅವತ್ತು ನಾನು ಕೂಗಾಡುತ್ತಿದ್ದಾಗ ಕೆಳಗೆ ಮಲಗಿ ನೀವು ಮಾಡುತ್ತಿದ್ದದ್ದು ಅದೇ. ದಾರ ಹಿಡಿದು ಆ ಚುಕ್ಕಿಗಳನ್ನೇ ಮೂಲೆಯಿಂದ ಮೂಲೆಗೆ ಅಳೆದೆ. ಎರಡೂ ಕರ್ಣಗಳು ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ನಿಮ್ಮ ರಿಪೇರಿ ಅಷ್ಟು ನೇರವಾಗಿತ್ತು. ಆಮೇಲೆ ಗುಂಡನ್ನು ಒಂದೊಂದೇ ಚುಕ್ಕಿಯ ಮೇಲೆ ಇಳಿಸುತ್ತಾ ಬಂದೆ. ಏಳು ಕಡೆ ನೆಟ್ಟಗೆ ಬಿತ್ತು. ಎಡಮುಂದಿನ ಮೂಲೆಯಲ್ಲಿ ಏಳು ಮಿಲಿಮೀಟರ್ ಮುಂದೆ ಬಿತ್ತು. ಅಡ್ಡತೊಲೆಯ ವೆಲ್ಡಿಂಗಿನಲ್ಲಿ ಉಗುರಿನುದ್ದದ ಬಿರುಕು ಬಿಟ್ಟಿದೆ. ಇದು ನನ್ನ ಕೆಲಸ, ನನ್ನ ಹೆಸರಿನದು.

ರಟ್ಟು ಕಿತ್ತೆ. ಹೊಸ ರಟ್ಟು ಬರೆಯಲಿಲ್ಲ. ಬೀದಿಯ ಹನ್ನೊಂದು ಗ್ಯಾರೇಜಿಗೂ ನಡೆದು ಹೋಗಿ ಬಾಯಲ್ಲೇ ಹೇಳಿದೆ. ಟಿಂಕರ್ ಕೆಲಸದ ಮೀಸೆಯವರು "ನಿನ್ನ ಚಿಕ್ಕಪ್ಪನ ಕೈ ನಮಗೆ ಗೊತ್ತಿಲ್ವಾ? ನಿನ್ನ ಬಾಯಿಗೆ ಹೆದರಿ ಸುಮ್ನಿದ್ವಿ" ಎಂದು ಚಹಾ ಕೊಟ್ಟರು. ಕುಡಿಯಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಅಳತೆ ಎಲ್ಲರ ಎದುರಿಗೇ ಆಗಬೇಕೆಂಬ ನನ್ನ ನಂಬಿಕೆಯನ್ನೂ ನಾನು ಬಿಟ್ಟಿಲ್ಲ, ಬಿಡೆಂದು ನೀವೂ ಹೇಳಲಾರಿರಿ. ಆದರೆ ಎಲ್ಲಿಂದ ಅಳೆಯಬೇಕೆಂದು ಕಲಿಯುವ ಮುಂಚೆ ನಾನು ತೀರ್ಪು ಬರೆದೆ, ಅದೂ ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರ ಮೇಲೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಚಾಸಿಯ ಕೆಲಸಕ್ಕಾಗಿ ಕೇಳುತ್ತಿದ್ದೇನೆಂದು ತಿಳಿಯಬೇಡಿ. ಚಾಸಿ ಗುಜರಿಗೆ ಹೋದರೂ ಈ ಕ್ಷಮೆ ಹಾಗೇ ನಿಲ್ಲುತ್ತದೆ. ನರ್ಸಮ್ಮನಿಗೂ ಎಲ್ಲ ಹೇಳಿದ್ದೇನೆ.

ಅತ್ತೆಗೆ ನನ್ನ ನಮಸ್ಕಾರ. ಅಮ್ಮ ನಿಮ್ಮ ಹಳೆಯ ಸ್ವೆಟರಿನ ಮೊಣಕೈ ಹೊಲಿದು ಕಳಿಸಿದ್ದಾಳೆ, ಬಾಯಲ್ಲಿ ಮಾತ್ರ "ಅವನಿಗೆ ನಾನೇನೂ ಹೇಳಲ್ಲ" ಎನ್ನುತ್ತಾಳೆ.

ನಿಮ್ಮ ಕಾಲಿಗೆರಗುವ ಅಣ್ಣನ ಮಗಳು,
ಕರಪತ್ರ

ಇನ್ನೊಂದು ಮಾತು: ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಅಪ್ಪ ಇವತ್ತು ಬೆಳಿಗ್ಗೆ ಆ ಮೂಲೆಯನ್ನು ಹಿಂದಕ್ಕೆಳೆಯಲು ಸರಪಳಿಯನ್ನು ಹಿಂದಿನಿಂದ ಮತ್ತೆ ಬಿಗಿದಿದ್ದಾರೆ. "ಅವನು ಬರೋದ್ರೊಳಗೆ ಸರಿ ಮಾಡಿಬಿಡ್ತೀನಿ, ಇದು ಅವನ ಕಣ್ಣಿಗೆ ಬೀಳೋದು ಬೇಡ" ಎನ್ನುತ್ತಾರೆ. ಏಳು ಮಿಲಿಮೀಟರ್ ಸರಿಯಾಗಬೇಕಾದರೆ ಏಳಕ್ಕಿಂತ ಹೆಚ್ಚು ಎಳೆದು ಬಿಡಬೇಕು, ಕಬ್ಬಿಣ ವಾಪಸು ಬರುತ್ತದೆ. ಎಷ್ಟು ಹೆಚ್ಚು ಎಂಬುದು ನಿಮಗೆ ಮಾತ್ರ ಗೊತ್ತು, ಅವರಿಗೆ ಗೊತ್ತಿಲ್ಲ, ಮೇಲಾಗಿ ಬಿರುಕಿದೆ. ಹೇಳಿದರೆ ಕೇಳುತ್ತಿಲ್ಲ. ಅದಕ್ಕೇ ಕೊಕ್ಕೆ ಹಾರುವ ದಿಕ್ಕಿಗೆ ನೇರವಾಗಿ ನೆಲದ ಮೇಲೆ ಕೂತಿದ್ದೇನೆ. ಈ ಪತ್ರವನ್ನೆಲ್ಲ ಇಲ್ಲೇ ಕೂತು ಬರೆದೆ. ನಾನಿರುವವರೆಗೆ ಅವರು ಜಾಕು ಒತ್ತುವುದಿಲ್ಲ, ಎದುರಿಗೆ ಸ್ಟೂಲಿನ ಮೇಲೆ ಕೂತು ನಾನು ಏಳುವುದನ್ನೇ ಕಾಯುತ್ತಿದ್ದಾರೆ. ನರ್ಸಮ್ಮ ಈ ಪತ್ರ ಹಿಡಿದು ಮೂರು ಗಂಟೆಯ ಬಸ್ಸಿಗೆ ನಿಮ್ಮಲ್ಲಿಗೆ ಹೊರಡುತ್ತಿದ್ದಾರೆ. ಅಲ್ಲಿಂದ ವಾಪಸು ಬಸ್ಸು ಐದೂವರೆಗೆ. ನಾನು ಏಳುವುದಿಲ್ಲ ಚಿಕ್ಕಪ್ಪ, ನೀವು ಹೊರಡಿ.